ಸಾವಿಗೆ ಮೊದಲ ದಿನ ಹೆಸರಿಡುವವರು ಯಾರು?

2025ರ ಮೇ ಕೊನೆಯಿಂದ ಜೂನ್ ಪೂರ್ತಿ ಹಾಸನದಲ್ಲಿ ಹೃದಯಾಘಾತದ್ದೇ ಮಾತು. ಇಪ್ಪತ್ತು ದಾಟಿದ ಹುಡುಗ, ಆಟೊ ಓಡಿಸುತ್ತಿದ್ದವನು, ಬಾಣಂತಿ ಎಂದು ದಿನಕ್ಕೊಂದು ಸುದ್ದಿ ಬರುತ್ತಿದ್ದಾಗ ಜನ ಕತ್ತಲಲ್ಲೇ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಜುಲೈನಲ್ಲಿ ವರದಿ ಬಂತು. ಗಾಬರಿಪಡುವಂಥ ಏರಿಕೆ ಏನಿಲ್ಲ ಎಂಬುದು ತಲೆಬರಹವಾಯಿತು, ಊರು ನಿಟ್ಟುಸಿರು ಬಿಟ್ಟಿತು.

ಅದೇ ವರದಿಯ ಇನ್ನೊಂದು ಅಂಶವನ್ನು ಯಾರೂ ಅಷ್ಟಾಗಿ ಎತ್ತಿ ಆಡಲಿಲ್ಲ. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಆ ನಾಲ್ಕರಲ್ಲಿ ಒಂದು ರಸ್ತೆ ಅಪಘಾತ, ಒಂದು ವಿದ್ಯುತ್ ಆಘಾತ. ಇನ್ನೊಂದು ಹತ್ತು ಸಾವುಗಳ ಎದುರು ‘ಬಹುಶಃ ಹೃದಯದ್ದು’ ಎಂದಷ್ಟೇ ಬರೆಯಲು ಸಾಧ್ಯವಾಯಿತು.

ಕರೆಂಟ್ ಹೊಡೆದು ಸತ್ತವರು ಹೃದಯಾಘಾತದ ಪಟ್ಟಿ ಸೇರಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಸಾವು ಮೊದಲು ದಾಖಲಾಗುವ ಠಾಣೆಯ ಕಾಗದದಿಂದ ಶುರುಮಾಡಬೇಕು. ಅದೇ ಜುಲೈ ಕೊನೆಯಲ್ಲಿ ಚಾರ್ಮಾಡಿ ಘಾಟಿಯ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ, ಗುಟ್ಟಾಗಿ ಶವಗಳನ್ನು ಹೂಳಲಾಗಿದೆ ಎಂಬ ದೂರಿನ ಮೇಲೆ ವಿಶೇಷ ತನಿಖಾ ತಂಡ ನೆಲ ಅಗೆಯಲು ಶುರುಮಾಡಿತು. ಮೂಡಿಗೆರೆ, ಕೊಟ್ಟಿಗೆಹಾರದ ಹೋಟೆಲುಗಳಲ್ಲೂ ‘ಯುಡಿಆರ್’ ಎಂಬ ಪದ ಟೀ ಲೋಟದ ಜೊತೆ ಓಡಾಡತೊಡಗಿತು. ಅಲ್ಲಿಯವರೆಗೆ ಅದು ಪೊಲೀಸರ, ವಕೀಲರ ಮತ್ತು ನನ್ನಂಥ ಕೋರ್ಟು ವರದಿಗಾರರ ಪದವಾಗಿತ್ತು.

ಯುಡಿಆರ್ ಅಂದರೆ ಅಸಹಜ ಸಾವಿನ ವರದಿ. ನೇಣು, ನೀರು, ವಿಷ, ಬೆಂಕಿ, ಕರೆಂಟು, ಆನೆ ತುಳಿತ ಯಾವುದೇ ಇರಲಿ, ಠಾಣೆಗೆ ಬಂದರೆ ಮೊದಲು ಬೀಳುವುದು ಈ ನಂಬರು. ಎಫ್‌ಐಆರ್ ಬೇರೆ, ಇದು ಬೇರೆ. ಎಫ್‌ಐಆರ್ ಎಂದರೆ ಅಪರಾಧ ನಡೆದಿದೆ ಎಂಬ ಮಾತು. ಯುಡಿಆರ್ ಎಂದರೆ ಸಾವು ನಡೆದಿದೆ, ಹೇಗೆಂದು ನೋಡಬೇಕಿದೆ ಎಂಬ ಮಾತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದರ ಕಲಂ 174. ಮನೆಯವರು ಅನುಮಾನ ಹೇಳಿದರೆ ‘174 ಸಿ’ ಎಂದು ಹಾಕುತ್ತಿದ್ದರು. ಹಾಸನದ ಕೋರ್ಟು ಆವರಣದಲ್ಲಿ ‘ಬರೀ 174ಆ, ಸಿ ಹಾಕವ್ರಾ?’ ಎಂದು ಕೇಳಿದರೆ ಅರ್ಧ ಕೇಸು ಗೊತ್ತಾಗುತ್ತಿತ್ತು.

ಅಮೆರಿಕದ ಸುದ್ದಿ ಓದುವವರಿಗೆ ಇಲ್ಲೊಂದು ಗೊಂದಲ. ಅಲ್ಲಿ ಮರಣ ಪ್ರಮಾಣಪತ್ರದಲ್ಲಿ ಸಾವಿನ ರೀತಿಗೇ ಒಂದು ಕಲಂ ಇದೆ: ಸಹಜ, ಅಪಘಾತ, ಆತ್ಮಹತ್ಯೆ, ನರಹತ್ಯೆ, ತೀರ್ಮಾನಿಸಲಾಗದ್ದು. ಅದನ್ನು ತುಂಬುವುದು ಶವಪರೀಕ್ಷೆಯ ಅಧಿಕಾರಿ ಅಥವಾ ಕರೋನರ್. 2020ರಲ್ಲಿ ಮಿನಿಯಾಪೊಲಿಸ್‌ನ ಜಾರ್ಜ್ ಫ್ಲಾಯ್ಡ್ ಸಾವನ್ನು ಅಲ್ಲಿನ ಅಧಿಕಾರಿ ನರಹತ್ಯೆ ಎಂದು ಗುರುತಿಸಿದಾಗ ನಮ್ಮಲ್ಲಿ ಕೆಲವರು ‘ಕೊಲೆ ಎಂದು ಸಾಬೀತು’ ಎಂದೇ ಬರೆದರು. ಆ ಕಲಮಿನ ಅರ್ಥ ಇಷ್ಟೇ: ಇನ್ನೊಬ್ಬ ಮನುಷ್ಯನ ಕೃತ್ಯದಿಂದ ಸಾವು ಬಂದಿದೆ. ಅದು ಕೊಲೆಯೋ ಅಲ್ಲವೋ ನ್ಯಾಯಾಲಯ ಹೇಳಬೇಕು. ನಮ್ಮ ಪೋಸ್ಟ್‌ಮಾರ್ಟಂ ವರದಿಯಲ್ಲಾದರೋ ವೈದ್ಯರು ಮುಖ್ಯವಾಗಿ ಬರೆಯುವುದು ಸಾವಿನ ಕಾರಣ. ‘ಕುತ್ತಿಗೆ ಬಿಗಿದು ಉಸಿರುಗಟ್ಟಿದ್ದರಿಂದ’ ಎಂದರೆ ಅವರ ಕೆಲಸ ಬಹುಪಾಲು ಮುಗಿಯಿತು. ಬಿಗಿದವರು ಯಾರು ಎಂಬುದು ಠಾಣೆಯ ತಲೆನೋವು.

ಠಾಣೆಯ ಕೈಗೆ ಈ ಕೆಲಸ ಬಂದ ಕಥೆಯನ್ನು ಚುಟುಕಾಗಿ ಹೇಳಬಹುದು. 1860ರ ದಂಡ ಸಂಹಿತೆ ನರಹತ್ಯೆಯನ್ನು ಹೆಣೆಯಿತು: 299 ದಂಡನೀಯ ನರಹತ್ಯೆ, 300 ಅದರೊಳಗೆ ಯಾವುದು ಕೊಲೆ ಎಂಬುದು. ಈ ಎರಡರ ನಡುವಿನ ಗೆರೆ ಎಷ್ಟು ತೆಳು ಎಂದರೆ ಸುಪ್ರೀಂ ಕೋರ್ಟು 1958ರಲ್ಲಿ ವಿರ್ಸಾ ಸಿಂಗ್ ಪ್ರಕರಣದಲ್ಲಿ, ಮತ್ತೆ 1976ರಲ್ಲಿ ಪುನ್ನಯ್ಯ ಪ್ರಕರಣದಲ್ಲಿ ಕೂತು ಬಿಡಿಸಿ ಹೇಳಬೇಕಾಯಿತು. ಬೊಂಬಾಯಿ, ಕಲ್ಕತ್ತೆಗಳಿಗೆ ಸಾವಿನ ವಿಚಾರಣೆಗೆಂದೇ ಕರೋನರ್ ಇದ್ದರು. ಮುಂಬೈಯಲ್ಲಿ ಆ ಹುದ್ದೆ 1999ರಲ್ಲಿ ರದ್ದಾಯಿತು. ನಮ್ಮ ಹಾಸನಕ್ಕೂ ಆಗಿನ ಕಡೂರು ಜಿಲ್ಲೆಗೂ, ಅಂದರೆ ಈಗಿನ ಚಿಕ್ಕಮಗಳೂರಿಗೂ, ಅಂಥವರು ಇರಲಿಲ್ಲ. ಊರಲ್ಲಿ ಪಟೇಲರು ಸುದ್ದಿ ಮುಟ್ಟಿಸುತ್ತಿದ್ದರು, ಪೊಲೀಸರು ಬಂದು ಪಂಚರನ್ನು ಕೂರಿಸಿ ಶವ ಪಂಚನಾಮೆ ಮಾಡುತ್ತಿದ್ದರು. ಅರವತ್ತರ ದಶಕದಲ್ಲಿ ಪಟೇಲಿಕೆ ಹೋಯಿತು, ಪಂಚನಾಮೆ ಉಳಿಯಿತು. 1983ರಲ್ಲಿ, ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ಪ್ರತ್ಯೇಕವಾಗಿ ನೋಡಬೇಕೆಂದು ಕಾನೂನು ಬಂತು, 1986ರಲ್ಲಿ ವರದಕ್ಷಿಣೆ ಸಾವೆಂಬ ಹೊಸ ಕಲಂ ಸೇರಿತು. ‘ಸ್ಟೌ ಸಿಡಿಯಿತು’ ಎಂಬ ಒಂದು ಸಾಲಿನ ಪಂಚನಾಮೆಗೆ ಮೊದಲ ಬಾರಿ ತಹಶೀಲ್ದಾರರ ಸಹಿ ಬೇಕಾಯಿತು. ಇಷ್ಟು ದೊಡ್ಡ ಬದಲಾವಣೆ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಬಹಳ ಕಾಲ ಆಗಲಿಲ್ಲ.

ನಾನು ಸುದ್ದಿ ಬರೆಯಲು ಶುರುಮಾಡಿದ್ದು 2000ದ ನಂತರ. ಆಗ ವಿಸೆರಾ ಎಂದರೆ ಏನೆಂದು ಕಲಿತದ್ದು ಆಸ್ಪತ್ರೆಯಲ್ಲಲ್ಲ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತ ಕಾನ್‌ಸ್ಟೆಬಲ್ ತೊಡೆಯ ಮೇಲೆ ಒಂದು ರಟ್ಟಿನ ಡಬ್ಬ ಇಟ್ಟುಕೊಂಡಿದ್ದರು. ಬಟ್ಟೆ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಕಾಫಿಗೆ ಇಳಿದರೂ ಅವರು ಇಳಿಯಲಿಲ್ಲ. ‘ಇಳಿದ್ರೆ ಇದ್ನೂ ಇಳಿಸ್ಬೇಕು, ಕೆಳಗಿಟ್ರೆ ಮುದ್ರೆ ಬಿರುಕು ಬಿಡ್ತದೆ, ಬಿಟ್ರೆ ಮಡಿವಾಳದಲ್ಲಿ ತಗಳಲ್ಲ’ ಅಂದರು. ಒಳಗೆ ನಾಲ್ಕು ಬಾಟಲಿ: ಜಠರ ಮತ್ತು ಅದರೊಳಗಿನ ಅನ್ನ, ಸಣ್ಣ ಕರುಳಿನ ತುಂಡು ಒಂದರಲ್ಲಿ, ಯಕೃತ್ತಿನ ಭಾಗ, ಮೂತ್ರಪಿಂಡಗಳ ಅರ್ಧರ್ಧ ಇನ್ನೊಂದರಲ್ಲಿ, ರಕ್ತ ಮೂರನೆಯದರಲ್ಲಿ. ನಾಲ್ಕನೆಯದರಲ್ಲಿ ಬರೀ ಉಪ್ಪುನೀರು. ಅಂಗಗಳು ಕೆಡದಂತೆ ಹಾಕಿದ ಉಪ್ಪುನೀರಿನಲ್ಲೇ ವಿಷ ಇರಲಿಲ್ಲ ಎಂದು ತೋರಿಸಲು ಅದು. ಇಷ್ಟೆಲ್ಲ ಎಚ್ಚರ. ಆದರೆ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಉತ್ತರ ಬರುವವರೆಗೆ ಪಿಎಂ ವರದಿಯಲ್ಲಿ ‘ಅಭಿಪ್ರಾಯ ಕಾಯ್ದಿರಿಸಿದೆ’ ಎಂದೇ ಇರುತ್ತಿತ್ತು. ತಿಂಗಳುಗಳು ಕಳೆಯುತ್ತಿದ್ದವು. ಅಷ್ಟರಲ್ಲಿ ತಿಥಿ ಮುಗಿದು, ಪಂಚರು ಘಟ್ಟದಾಚೆ ಕೆಲಸಕ್ಕೆ ಹೋಗಿ, ಊರು ತನಗೆ ಬೇಕಾದ ಕಥೆ ಕಟ್ಟಿಕೊಂಡು ಆಗಿರುತ್ತಿತ್ತು.

2009ರ ಜೂನ್‌ನಲ್ಲಿ ಹಾಸನದ ಬಸ್ ನಿಲ್ದಾಣದ ಶೌಚಾಲಯದಲ್ಲಿ ಒಬ್ಬ ಯುವತಿ ಸತ್ತು ಬಿದ್ದಿದ್ದಳು. ಊರಿಗೆ ಅವಳು ಅಪರಿಚಿತೆ. ಮೈಮೇಲೆ ಹೊಡೆತದ ಗುರುತಿಲ್ಲ, ಜೊತೆಗೆ ಯಾರೂ ಇಲ್ಲ. ಅಂಥ ಸಾವುಗಳ ಪೊಲೀಸ್ ಪ್ರಕಟಣೆಗೆ ಒಂದು ಸಿದ್ಧ ಮಾದರಿ ಇತ್ತು: ಅಂದಾಜು ವಯಸ್ಸು, ಎತ್ತರ, ಬಟ್ಟೆಯ ಬಣ್ಣ, ವಾರಸುದಾರರಿದ್ದಲ್ಲಿ ಸಂಪರ್ಕಿಸಿ. ನಾವು ಅದನ್ನು ಮೂರು ಸಾಲಿಗೆ ಇಳಿಸಿ ಒಳಪುಟಕ್ಕೆ ಹಾಕುತ್ತಿದ್ದೆವು. ಹುಡುಗಿ ಬಂಟ್ವಾಳ ತಾಲ್ಲೂಕಿನವಳು. ಅವಳು ಕಾಣೆಯಾಗಿದ್ದಕ್ಕೆ ಅಲ್ಲಿನ ಜನ ಬೀದಿಗಿಳಿದರು, ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದರು, ಅಕ್ಟೋಬರಿನಲ್ಲಿ ಒಬ್ಬ ಶಿಕ್ಷಕ ಸಿಕ್ಕಿಬಿದ್ದ. ಆಮೇಲೆ ಪತ್ರಿಕೆಗಳು ಅವನನ್ನು ‘ಸೈನೈಡ್ ಮೋಹನ್’ ಎಂದು ಕರೆದವು. 2003ರಿಂದ ಇಪ್ಪತ್ತು ಹೆಣ್ಣುಮಕ್ಕಳು. ಮದುವೆಯ ಮಾತು, ಲಾಡ್ಜು, ಬೆಳಿಗ್ಗೆ ಬಸ್ ನಿಲ್ದಾಣ, ಗರ್ಭ ನಿಲ್ಲದಿರಲೆಂದು ಒಂದು ಮಾತ್ರೆ. ಹಾಸನ, ಮೈಸೂರು, ಮಡಿಕೇರಿ, ಬೆಂಗಳೂರು ಎಂದು ಊರೂರು ಬೇರೆ, ಠಾಣೆ ಬೇರೆ. ಪ್ರತಿಯೊಂದೂ ಒಂಟಿ ಸಾವು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮೊದಲ ಶಿಕ್ಷೆ ವಿಧಿಸಿತು.

ಸೈನೈಡಿನ ಗುಣವೇ ವಿಚಿತ್ರ. ಸತ್ತವರ ಚರ್ಮದಡಿ ರಕ್ತ ಇಳಿದ ಜಾಗ ನೀಲಿಗಟ್ಟುವ ಬದಲು ಕೆಂಪಾಗಿ ಕಾಣಬಹುದು. ಕಹಿ ಬಾದಾಮಿಯ ವಾಸನೆ ಬರುತ್ತದೆ ಎನ್ನುತ್ತಾರೆ, ಆದರೆ ಆ ವಾಸನೆಯನ್ನು ಗ್ರಹಿಸುವ ಶಕ್ತಿಯೇ ಹುಟ್ಟಿನಿಂದ ಇಲ್ಲದವರು ಬಹಳ. ವಿಷ ತಾನಾಗಿಯೇ ಆವಿಯಾಗುತ್ತದೆ, ಒಡೆದುಹೋಗುತ್ತದೆ. ಬಾಟಲಿ ತಡವಾದಷ್ಟೂ ಉತ್ತರ ತೆಳುವಾಗುತ್ತದೆ. ಹಾಗಿದ್ದರೂ ವಿಷ ಪತ್ತೆಯಾಗುವುದೇ ಇಲ್ಲ ಎಂದಲ್ಲ. ಒಂದು ಠಾಣೆಗೆ ಬಂದ ‘ವಿಷ ಇದೆ’ ಎಂಬ ಕಾಗದ ಇನ್ನೊಂದು ಠಾಣೆಗೆ ಬಂದ ಅಂಥದೇ ಕಾಗದದ ಪಕ್ಕ ಕೂರುವ ಜಾಗ ಎಲ್ಲಿಯೂ ಇರಲಿಲ್ಲ. ಒಂದೊಂದು ಕಡತದೊಳಗೂ ವಿಷ ಕುಡಿದ ಹೆಣ್ಣು ಒಬ್ಬಳೇ, ಹಾಗಾಗಿ ತಾನೇ ಕುಡಿದಿರಬೇಕು.

ಸಹ್ಯಾದ್ರಿಯ ಮಗ್ಗುಲಿನ ನಮ್ಮ ಜಿಲ್ಲೆಗಳ ಸಾವುಗಳಿಗೆ ಇನ್ನೂ ಒಂದು ತೊಡಕಿದೆ. ಗೊರೂರು, ಯಗಚಿ ಹಿನ್ನೀರಿನಲ್ಲಿ ಸಿಕ್ಕ ದೇಹ ನೀರಿಗೆ ಬಿದ್ದು ಸತ್ತದ್ದೋ, ಸತ್ತ ಮೇಲೆ ನೀರಿಗೆ ಬಿದ್ದದ್ದೋ? ಮೂಗು ಬಾಯಲ್ಲಿ ನೊರೆ ಇದೆಯೇ ನೋಡುತ್ತಾರೆ. ಎಲುಬಿನ ಮಜ್ಜೆಯಲ್ಲಿ ಆ ನೀರಿನ ಸೂಕ್ಷ್ಮ ಪಾಚಿ ಸಿಗುತ್ತದೆಯೇ ಹುಡುಕುತ್ತಾರೆ, ಏಕೆಂದರೆ ಹೃದಯ ಬಡಿಯುತ್ತಿದ್ದರೆ ಮಾತ್ರ ಅದು ಅಲ್ಲಿಯವರೆಗೆ ಹೋಗಬಲ್ಲದು. ಕುತ್ತಿಗೆಯ ಗುರುತು ಓರೆಯಾಗಿ, ಗಲ್ಲದ ಹತ್ತಿರ, ಒಂದು ಕಡೆ ತುಂಡಾಗಿ ಇದ್ದರೆ ನೇಣಿನ ಕಡೆ ಒಲವು. ಕೆಳಗೆ, ಅಡ್ಡಡ್ಡ, ಸುತ್ತಲೂ ಇದ್ದರೆ ಯಾರೋ ಬಿಗಿದಿರುವ ಕಡೆ. ಆದರೆ ಹಗ್ಗ ಕತ್ತರಿಸಿ ದೇಹ ಇಳಿಸಿ, ಜಗಲಿಯಲ್ಲಿ ಮಲಗಿಸಿ, ಹಗ್ಗವನ್ನು ಒಲೆಗೆ ಹಾಕಿದ ಮೇಲೆ ವೈದ್ಯರ ಮುಂದೆ ಉಳಿಯುವುದು ಅರ್ಧ ಕಥೆ.

ಇನ್ನು ಕರೆಂಟಿನ ವಿಷಯ. ಒಣ ಚರ್ಮಕ್ಕೆ ತಂತಿ ತಾಗಿದರೆ ಬಿಳಿಚಿದ, ಅಂಚು ಉಬ್ಬಿದ ಸಣ್ಣ ಗುಳಿ ಬೀಳುತ್ತದೆ. ಮಳೆಯಲ್ಲಿ ತೊಯ್ದ ಕೈಗೆ ತಾಗಿದರೆ ಗುರುತೇ ಇರದಿರಬಹುದು. ಕೊಲ್ಲುವುದು ಸಾಮಾನ್ಯವಾಗಿ ಹೃದಯದ ಬಡಿತ ತಾಳ ತಪ್ಪಿಸಿಯೇ. ಹಾಗಾಗಿ ‘ಹೃದಯ ನಿಂತು ಸತ್ತ’ ಎಂದವರು ಸುಳ್ಳು ಹೇಳಿದಂತಾಗಲಿಲ್ಲ. ಯಾರ ಹೃದಯ ತಾನೇ ನಿಲ್ಲದೆ ಸಾಯುತ್ತಾರೆ? ಹಾಸನದ ಪಟ್ಟಿಗೆ ಆ ಸಾವು ಬಂದದ್ದು ಈ ಜಾರು ದಾರಿಯಲ್ಲೇ ಇರಬೇಕು ಎಂದು ನನ್ನ ಊಹೆ. ನಿಜವಾದ ಹೃದಯಾಘಾತವನ್ನು ಹಿಡಿಯುವುದೂ ಸುಲಭವಲ್ಲ. ಆಘಾತವಾಗಿ ಒಂದೆರಡು ಗಂಟೆಯಲ್ಲಿ ಸತ್ತವರ ಹೃದಯವನ್ನು ಕೊಯ್ದರೂ ಬರಿಗಣ್ಣಿಗೆ ಏನೂ ಕಾಣದು, ಬದಲಾವಣೆ ಕಾಣಲು ಹನ್ನೆರಡು ಗಂಟೆಯಾದರೂ ಬೇಕು. ಹೃದಯವನ್ನು ಫಾರ್ಮಲಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಬೇಕು. ವಿಷ ಹುಡುಕುವ ಉಪ್ಪುನೀರಿನ ಬಾಟಲಿ ಇದಕ್ಕೆ ಬರುವುದಿಲ್ಲ. ಅಂದರೆ ಏನನ್ನು ಹುಡುಕುತ್ತಿದ್ದೇವೆ ಎಂದು ಬಾಟಲಿ ಮುಚ್ಚುವ ಮೊದಲೇ ಗೊತ್ತಿರಬೇಕು.

ಹಂದಿ ಕಾಟಕ್ಕೆಂದು ಬೇಲಿಗೆ ಕದ್ದು ಕರೆಂಟು ಬಿಡುವವರಿದ್ದಾರೆ. ಅದರಲ್ಲಿ ಮನುಷ್ಯ ಸತ್ತರೆ ಅದು ಅಪಘಾತವೋ, ನಿರ್ಲಕ್ಷ್ಯವೋ, ನರಹತ್ಯೆಯೋ? ಬಿಹಾರದ ಚೆರುಬಿನ್ ಗ್ರೆಗರಿ ಎಂಬವರು ಶೌಚಾಲಯದ ದಾರಿಗೆ ಬರಿ ತಂತಿ ಕಟ್ಟಿ ಕರೆಂಟು ಬಿಟ್ಟಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರವತ್ತರ ದಶಕದಲ್ಲೇ 304ಎ, ಅಂದರೆ ನಿರ್ಲಕ್ಷ್ಯದಿಂದ ಸಾವು ತಂದ ಕಲಮಿನ ಅಡಿಯ ಶಿಕ್ಷೆಯನ್ನು ಎತ್ತಿಹಿಡಿದಿತ್ತು. ನನ್ನ ಜಾಗಕ್ಕೆ ಬಂದವನು, ನಾನೇನು ಮಾಡಲಿ ಎಂಬ ವಾದ ನಿಲ್ಲಲಿಲ್ಲ. ಈಗ ಅದೇ ಕಲಂ, ದಂಡ ಸಂಹಿತೆಯ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 106. ಆದರೆ ತಂತಿ ಬೆಳಗಾಗುವ ಮುಂಚೆ ಸುರುಳಿಯಾಗಿ ಉಗ್ರಾಣ ಸೇರಿದರೆ ಯಾವ ಕಲಮೂ ಕೆಲಸಕ್ಕೆ ಬಾರದು.

2024ರ ಜುಲೈ 1ರಿಂದ ಹೊಸ ಕಾನೂನುಗಳು. 174 ಈಗ 194 ಆಗಿದೆ, ಪೊಲೀಸರು 24 ಗಂಟೆಯೊಳಗೆ ಮೇಲಿನ ಮ್ಯಾಜಿಸ್ಟ್ರೇಟರಿಗೆ ವರದಿ ಕಳಿಸಬೇಕು. ಎಲ್ಲರೂ ಹೊಗಳಿದ ಬದಲಾವಣೆ ಇನ್ನೊಂದು: ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷ್ಯ ಎತ್ತಬೇಕು, ವಿಡಿಯೊ ಮಾಡಬೇಕು. ಜಾರಿಗೆ ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ಒಳ್ಳೆಯದೇ. ಆದರೆ ಯುಡಿಆರ್ ಅಪರಾಧವೇ ಅಲ್ಲವಲ್ಲ. ಅದಕ್ಕೆ ಶಿಕ್ಷೆ ಸೊನ್ನೆ ವರ್ಷ. ಯಾರಾದರೂ ಕೊಲೆ ಎಂದು ಬರೆದರೆ ತಜ್ಞರು ಬರುವುದು ಕಡ್ಡಾಯ. ಕೊಲೆ ಎಂದು ಬರೆಯಲು ಬೇಕಾದ ಗುರುತು ಹುಡುಕಲು ತಜ್ಞರು ಬೇಕು. ಹಾಸನದ ವರದಿಯ ನಂತರ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸುವುದು, ಮರಣೋತ್ತರ ಪರೀಕ್ಷೆ ಮಾಡಿಸುವುದು ಕಡ್ಡಾಯವಾಗಲಿದೆ ಎಂದರು. ಹಾಸನದಲ್ಲಿ 2006ರಿಂದ ವೈದ್ಯಕೀಯ ಕಾಲೇಜಿದೆ, ಚಿಕ್ಕಮಗಳೂರಿಗೂ ಈಚೆಗೆ ಬಂದಿದೆ, ಕೊಯ್ದು ನೋಡಬಲ್ಲವರು ಇದ್ದಾರೆ. ಮನೆಯವರನ್ನು ಒಪ್ಪಿಸುವ ಕೆಲಸ ಯಾರದೆಂದು ಮಾತ್ರ ಎಲ್ಲೂ ಬರೆದಿಲ್ಲ.

ಕೆಲವು ವರ್ಷದ ಹಿಂದೆ, ಮೆಣಸು ಕುಯ್ಲಿನ ಕಾಲ. ಸಕಲೇಶಪುರದ ಕಡೆಯ ಪರಿಚಿತರೊಬ್ಬರು ಫೋನ್ ಮಾಡಿದರು. ‘ಆಳೊಬ್ಬ ಏಣಿಯಿಂದ ಬಿದ್ದ ಸಾರ್, ಹಾರ್ಟ್ ಅಟ್ಯಾಕು. ಮನೆಯೋರು ಮಣ್ಣು ಮಾಡ್ತೀವಿ ಅಂತವ್ರೆ, ಪೊಲೀಸಿಗೆ ಹೇಳ್ಲೇಬೇಕಾ?’ ಹೇಳಿ ಎಂದೆ. ಹೇಳಿದರು. ಯುಡಿಆರ್ ಆಯಿತು, ಪಂಚನಾಮೆ ಆಯಿತು, ಕತ್ತಲಾದ್ದರಿಂದ ಪೋಸ್ಟ್‌ಮಾರ್ಟಂ ಮರುದಿನಕ್ಕೆ ಹೋಯಿತು. ಒಂದು ವಾರದ ನಂತರ ಆ ತೋಟಕ್ಕೆ ಹೋದಾಗ ಲೈನ್ ಮನೆಯ ಹಿಂದೆ ಗೋಡೆಗೆ ಒರಗಿಸಿದ್ದ ಅಲ್ಯೂಮಿನಿಯಂ ಏಣಿ ಕಂಡಿತು. ತುದಿಯ ಮೆಟ್ಟಿಲಿನ ಹತ್ತಿರ ಹೆಬ್ಬೆರಳಷ್ಟಗಲ ಲೋಹ ಕರಗಿ ಕಪ್ಪಾಗಿತ್ತು. ಸಿಲ್ವರ್ ಓಕ್ ಮರದ ಮೇಲೆ ಎರಡಾಳು ಎತ್ತರದಲ್ಲಿ ತಂತಿ ಹಾದುಹೋಗಿತ್ತು. ಪಂಚನಾಮೆಯ ಪ್ರತಿ ನಾನು ಓದಿದ್ದೆ. ಮರ, ದೇಹ ಬಿದ್ದಿದ್ದ ದಿಕ್ಕು, ಚೀಲದಲ್ಲಿದ್ದ ಮೆಣಸು, ಕಾಲಿನ ಹವಾಯಿ ಚಪ್ಪಲಿ ಎಲ್ಲ ಅದರಲ್ಲಿತ್ತು. ಏಣಿ ಇರಲಿಲ್ಲ.