ಸಿ.ಡಿ.ಗೆ ಬೀಗ ಹಾಕಿಕೊಡಿ ಎನ್ನುವವರಿಗೆ

ಮಾಸ್ಟರಿಂಗ್, ಅಂದರೆ ಸಿ.ಡಿ. ಅಚ್ಚಿಗೆ ಹೋಗುವ ಮೂಲಪ್ರತಿ (ಮಾಸ್ಟರ್) ಸಿದ್ಧಮಾಡುವ ನನ್ನ ಕೆಲಸ, ಮುಗಿದು, ಹೊದಿಕೆಯ ಚಿತ್ರವೂ ಅಂತಿಮವಾದ ಮೇಲೆ ಕಲಾವಿದರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಯಾರೂ ಕಾಪಿ ಮಾಡದ ಹಾಗೆ ಲಾಕ್ ಹಾಕಿಕೊಡುತ್ತೀರಲ್ಲ?’ ಆಗುವುದಿಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಕೆಲವರು ಇನ್ನೊಂದು ಕಡೆ ಹೋಗುತ್ತಾರೆ. ಅಲ್ಲಿ ಯಾರೋ ‘ಆಗುತ್ತದೆ’ ಎಂದು ಒಪ್ಪಿಕೊಂಡು ಡಿಸ್ಕಿಗಿಷ್ಟು ಎಂದು ಹಣ ಪಡೆಯುತ್ತಾರೆ. ಸ್ವಂತ ಉಳಿತಾಯ ಹಾಕಿ ದೇವರನಾಮವನ್ನೋ ಭಾವಗೀತೆಯನ್ನೋ ಮುದ್ರಿಸಿ, ಕಛೇರಿ ಮುಗಿದ ಮೇಲೆ ಸಭಾಂಗಣದ ಬಾಗಿಲಲ್ಲಿ ಮಾರುವ ಗಾಯಕರಿಂದ ಹಾಗೆ ಹಣ ಪಡೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆಡಿಯೊ ಸಿ.ಡಿ.ಯ ನಿಯಮಗಳನ್ನು ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಬರೆದವು. ನಮ್ಮ ವೃತ್ತಿಯಲ್ಲಿ ಅದನ್ನು ರೆಡ್ ಬುಕ್ ಎನ್ನುತ್ತೇವೆ. ಎಡ, ಬಲ ಸ್ಪೀಕರುಗಳ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನ ಅಂಕಿಯಾಗಿ ಬರೆಯುವುದು ಅದರ ಕ್ರಮ. ಈ ಅಂಕಿಗಳೆಲ್ಲ ಡಿಸ್ಕಿನ ಮೇಲೆ ಬಯಲಾಗಿಯೇ ಇರುತ್ತವೆ, ಗೂಢಲಿಪಿಗೆ ಅಲ್ಲಿ ಜಾಗವನ್ನೇ ಇಟ್ಟಿಲ್ಲ. ಈಗ ನಾವು ಗೂಢಲಿಪಿ ಸೇರಿಸಿದರೆ 1982ರಿಂದ ಮಾರಾಟವಾದ ಯಾವ ಪ್ಲೇಯರಿಗೂ ಅದನ್ನು ಬಿಡಿಸಲು ಬರುವುದಿಲ್ಲ. ‘ನಕಲಿಗೆ ಅನುಮತಿ ಇಲ್ಲ’ ಎಂಬ ಒಂದು ಗುರುತು ಇರುವುದು ನಿಜ, ಮಾಸ್ಟರ್ ತಯಾರಿಸುವಾಗ ಅದನ್ನು ನಾನು ಹಾಕಿಕೊಡುತ್ತೇನೆ. ಆದರೆ ಅದು ಬರೀ ವಿನಂತಿ. ಕಂಪ್ಯೂಟರಿನ ಡ್ರೈವ್ ಅದಕ್ಕೆ ಬೆಲೆ ಕೊಡುವುದಿಲ್ಲ.

‘ಹಾಗಾದರೆ ಪ್ಲೇಯರಿನಲ್ಲಿ ಮಾತ್ರ ಓಡಲಿ, ಕಂಪ್ಯೂಟರಿನಲ್ಲಿ ಬೇಡ’ ಎನ್ನುತ್ತಾರೆ. ಎಷ್ಟು ಹೇಳಿದರೂ ಜನರಿಗೆ ಮನವರಿಕೆಯಾಗದಿರುವುದು ಇಲ್ಲಿಯೇ. ಎರಡೂ ಯಂತ್ರಗಳು ಓದುವುದು ಡಿಸ್ಕಿನ ಮೇಲಿನ ಅದೇ ಸೂಕ್ಷ್ಮ ಗುಳಿಗಳನ್ನು, ಅದೇ ಲೇಸರ್ ಬೆಳಕಿನಲ್ಲಿ. ಒಂದು ಓದಬೇಕು, ಇನ್ನೊಂದು ಓದಬಾರದು ಎಂದರೆ ಕಂಪ್ಯೂಟರ್ ಎಡವುವಂತಹ ದೋಷವನ್ನು ಡಿಸ್ಕಿನಲ್ಲೇ ಬೇಕೆಂದು ಇಡಬೇಕಾಗುತ್ತದೆ. 2001–02ರ ಹೊತ್ತಿಗೆ ಹಲವು ಕಂಪನಿಗಳು ಅದನ್ನೇ ಮಾಡಿದವು. ಕೆಲವರು ಕಂಪ್ಯೂಟರಿಗೆ ಮಾತ್ರ ಕಾಣುವ ಸುಳ್ಳು ವಿಷಯಸೂಚಿಯನ್ನು ಡಿಸ್ಕಿನ ಹೊರ ಅಂಚಿನಲ್ಲಿ ಬರೆದರು. ಆ ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದರೆ ಸಾಕು, ಬೀಗ ಬಿಚ್ಚಿಕೊಳ್ಳುತ್ತದೆ ಎಂಬುದು 2002ರಲ್ಲೇ ಜಗಜ್ಜಾಹೀರಾಯಿತು.

ಇನ್ನು ಕೆಲವರು ದೋಷ ತಿದ್ದುವ ಸಂಕೇತಗಳನ್ನೇ ಕೆಡಿಸಿದರು. ಹಣ ಹಾಳಾಗುವುದಕ್ಕಿಂತ ದೊಡ್ಡ ನಷ್ಟ ಇದರಲ್ಲಿದೆ. ಸಿ.ಡಿ.ಯಲ್ಲಿ ಹಾಡಿನ ಜೊತೆಗೆ ತಿದ್ದುಪಡಿಗೆಂದೇ ಹೆಚ್ಚುವರಿ ಮಾಹಿತಿ ಇರುತ್ತದೆ. ಗೀರು ಬಿದ್ದಲ್ಲಿ ಪ್ಲೇಯರ್ ಅದರಿಂದ ಮೂಲ ಅಂಕಿಯನ್ನು ಲೆಕ್ಕ ಹಾಕಿ ಮರಳಿ ಪಡೆಯುತ್ತದೆ, ಅದೂ ಸಾಧ್ಯವಾಗದಿದ್ದರೆ ಅಕ್ಕಪಕ್ಕದ ಅಂಕಿಗಳನ್ನು ನೋಡಿ ಅಂದಾಜಿಸುತ್ತದೆ. ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಗೀರನ್ನು ಹೀಗೆ ಪೂರ್ಣವಾಗಿ ಸರಿಪಡಿಸಬಹುದು. ಬೀಗದ ಹೆಸರಿನಲ್ಲಿ ಮೊದಲ ದಿನವೇ ದೋಷ ತುಂಬಿದರೆ, ಬರಗಾಲಕ್ಕೆಂದು ಕೂಡಿಟ್ಟ ಕಾಳನ್ನು ಸುಗ್ಗಿಯಲ್ಲೇ ಖರ್ಚು ಮಾಡಿದ ಹಾಗೆ. ಆಮೇಲೆ ಬೀಳುವ ಸಣ್ಣ ಗೀರೂ ಕಿವಿಗೆ ಕೇಳಿಸುತ್ತದೆ. ಕದಿಯುವವನಿಗೆ ಇದರಿಂದ ತೊಂದರೆಯಿಲ್ಲ. ತೊಂದರೆಯಾಗುವುದು ದುಡ್ಡು ಕೊಟ್ಟು ಕೊಂಡು, ಹತ್ತಾರು ವರ್ಷ ಕೇಳುವವರಿಗೆ.

ಗಮಕ ಕಲಾವಿದೆಯೊಬ್ಬರು, ನನಗೆ ತುಂಬ ಬೇಕಾದ ಹಿರಿಯರು, ಬೇರೆಡೆ ಹೀಗೆ ಬೀಗ ಹಾಕಿಸಿದ ಡಿಸ್ಕನ್ನು ಒಮ್ಮೆ ತಂದಿದ್ದರು. ಮನೆಯ ಹಳೆಯ ಪ್ಲೇಯರಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಶಿಷ್ಯೆಯ ಕಾರಿನಲ್ಲಿ ಮಾತ್ರ ಷಟ್ಪದಿಯ ನಡುವೆ ತಡವರಿಸುತ್ತಿತ್ತು. ಎಂಪಿ3 ಡಿಸ್ಕನ್ನೂ ಓದಬೇಕಾದ ಕಾರಿನ ಪ್ಲೇಯರುಗಳಲ್ಲಿ ಅನೇಕ ಸಲ ಕಂಪ್ಯೂಟರಿನ ಮಾದರಿಯ ಡ್ರೈವನ್ನೇ ಕೂರಿಸಿರುತ್ತಾರೆ. ಡಿಸ್ಕಿನ ದೋಷ ಅದನ್ನೂ ಎಡವಿಸುತ್ತಿತ್ತು. ‘ನನ್ನ ಉಸಿರೇ ಕಟ್ಟಿತೇನೋ ಅಂದುಕೊಂಡೆ’ ಎಂದರು. ಮೂಲ ಫೈಲುಗಳು ಅವರ ಮಗನ ಬಳಿ ಇದ್ದುದರಿಂದ ಮತ್ತೆ ಮಾಸ್ಟರ್ ಮಾಡಿಕೊಟ್ಟೆ.

ದೊಡ್ಡವರ ಕಥೆಯೂ ಬೇರೆಯಲ್ಲ. ಅಮೆರಿಕದಲ್ಲಿ ಸೋನಿ ಬಿಎಂಜಿ ಎಂಬ ಸಂಗೀತ ಕಂಪನಿ ಹೊರತಂದ ಕೆಲವು ಡಿಸ್ಕುಗಳು ಕಂಪ್ಯೂಟರಿನೊಳಗೆ ಒಂದು ತಂತ್ರಾಂಶವನ್ನು ಸೇರಿಸಿ, ಅದು ಅಲ್ಲಿರುವುದನ್ನೇ ಮರೆಮಾಡುತ್ತಿದ್ದವು. 2005ರ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಇದನ್ನು ಬಯಲಿಗೆಳೆದರು. ಅದೇ ಮರೆಯಲ್ಲಿ ಬೇರೆ ದುಷ್ಟ ತಂತ್ರಾಂಶಗಳೂ ಅಡಗತೊಡಗಿದವು. ತೆಗೆದುಹಾಕಲೆಂದು ಕೊಟ್ಟ ಸಾಧನವೇ ಇನ್ನೊಂದು ಭದ್ರತಾ ರಂಧ್ರ ಕೊರೆಯಿತು. ನವೆಂಬರಿನಲ್ಲಿ ಕಂಪನಿ ಡಿಸ್ಕುಗಳನ್ನು ಹಿಂದಕ್ಕೆ ಕರೆಸಿಕೊಂಡಿತು, ಮೊಕದ್ದಮೆಗಳನ್ನೂ ಎದುರಿಸಿತು. ಅಷ್ಟೆಲ್ಲ ಮಾಡಿಯೂ ಆ ಬೀಗ ವಿಂಡೋಸ್‌ಗೆ ಸೀಮಿತವಾಗಿತ್ತು, ಲಿನಕ್ಸ್ ಇರುವ ಕಂಪ್ಯೂಟರಿನ ಮೇಲೆ ಅದರ ಆಟ ನಡೆಯುತ್ತಿರಲಿಲ್ಲ. ಅಂಥ ಕಂಪನಿಗೆ ದಕ್ಕದ್ದನ್ನು ನಮ್ಮಲ್ಲಿ ಯಾರಾದರೂ ದಕ್ಕಿಸಿಕೊಡುತ್ತೇನೆ ಎಂದರೆ, ದಯವಿಟ್ಟು ಮಾದರಿ ಡಿಸ್ಕ್ ಕೇಳಿ ಪಡೆದು, ಕಂಪ್ಯೂಟರ್ ಬಲ್ಲ ಹುಡುಗನೊಬ್ಬನ ಕೈಗೆ ಒಂದು ಸಂಜೆ ಕೊಟ್ಟು ನೋಡಿ.

ಕಾನೂನಿನ ವಿಷಯದಲ್ಲಿ ನಾನು ವಕೀಲನಲ್ಲ, ನಿಮ್ಮ ಪ್ರಕರಣಕ್ಕೆ ವಕೀಲರನ್ನೇ ಕೇಳಬೇಕು. ನನ್ನ ಕೆಲಸಕ್ಕೆ ತಾಗುವಷ್ಟನ್ನು ಹೇಳುತ್ತೇನೆ. ಧ್ವನಿಮುದ್ರಣದ ಹಕ್ಕು ನೋಂದಣಿ ಇಲ್ಲದೆಯೂ ಹುಟ್ಟುತ್ತದೆ, ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಮಿನಂತೆ ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ, ಇವು ಡಿಸ್ಕಿನ ಮೇಲೂ ಹೊದಿಕೆಯ ಮೇಲೂ ಇರಲೇಬೇಕು. ಬೀಗ ಕೇಳಿಕೊಂಡು ಬರುವವರಲ್ಲಿ ಎಷ್ಟೋ ಜನ ಇದನ್ನು ಮುದ್ರಿಸಿರುವುದೇ ಇಲ್ಲ. ದೇವರ ಚಿತ್ರ ಸಣ್ಣದಾಗುತ್ತದೆ ಎಂದು ಆ ಸಾಲನ್ನು ತೆಗೆಸಿದವರನ್ನೂ ನೋಡಿದ್ದೇನೆ.

ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರಗಳ ಸಂಕೇತ ಪಡೆಯಿರಿ. ಮಾಸ್ಟರ್ ಒಪ್ಪಿಸುವ ಮೊದಲೇ ಅದನ್ನು ನನಗೆ ಕೊಟ್ಟರೆ ಡಿಸ್ಕಿನಲ್ಲಿ ಸೇರಿಸುತ್ತೇನೆ. ಅದು ನಕಲನ್ನು ತಡೆಯುವುದಿಲ್ಲ, ಇದು ಯಾವ ಧ್ವನಿಮುದ್ರಣ ಎಂದು ಗುರುತಿಸಲು ನೆರವಾಗುತ್ತದೆ. ಪಿಟೀಲು, ಮೃದಂಗ ನುಡಿಸಿದವರ, ಸಾಹಿತ್ಯ ಬರೆದವರ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಿರಿ. ಆ ಕಾಗದಗಳ ಪ್ರತಿಯನ್ನೂ ಧ್ವನಿಮುದ್ರಣದ ಮೂಲ ಫೈಲುಗಳನ್ನೂ ದಿನಾಂಕ ಸಮೇತ ಎರಡು ಬೇರೆ ಕಡೆ ಇಡಿ. ಅದರಲ್ಲಿ ಒಂದು ಕಡೆ ನನ್ನ ಸ್ಟುಡಿಯೊ ಆಗದಿರಲಿ, ಏಕೆಂದರೆ ಹಾರ್ಡ್ ಡಿಸ್ಕುಗಳು ನನ್ನಲ್ಲೂ ಕೆಡುತ್ತವೆ.