ಪಿಕಪ್ ಟ್ರಕ್ಕಿನ ಏರ್‌ಫ್ಲೋ ಮೀಟರ್: ಅದನ್ನು ತಿರುಚಿದರೆ ಮಿಕ್ಸ್ಚರ್ ಏನಾಗುತ್ತದೆ?

ಪೆಟ್ರೋಲ್ ಇಂಜಿನ್ನಿನಲ್ಲಿ 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಜಾಸ್ತಿಯಾದರೆ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ, ‘ಲೀನ್’. ಪೆಟ್ರೋಲ್ ಜಾಸ್ತಿಯಾದರೆ ‘ರಿಚ್’. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆದು ಇಸಿಯುಗೆ, ಅಂದರೆ ಇಂಜಿನ್ನಿನ ಕಂಪ್ಯೂಟರಿಗೆ, ತಿಳಿಸುವುದೇ ಏರ್‌ಫ್ಲೋ ಮೀಟರಿನ ಕೆಲಸ. ಆ ಲೆಕ್ಕ ನೋಡಿಕೊಂಡು ಇಸಿಯು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂದು ತೀರ್ಮಾನಿಸುತ್ತದೆ.

ನಮ್ಮ ಕಡೆ ಟ್ರಕ್ ಅಂದರೆ ಡೀಸೆಲ್ ಲಾರಿ. ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಅಮೆರಿಕದ ಪೆಟ್ರೋಲ್ ಪಿಕಪ್ ಟ್ರಕ್ಕುಗಳ ವಿಷಯ. ಮೀಟರ್ ತಿರುಚುವ ಅಭ್ಯಾಸ ಅಲ್ಲಿ ಹಳೆಯದು. ಒಳ್ಳೆಯ ಉದಾಹರಣೆ ಟೊಯೊಟಾದ 22ಆರ್‌ಇ ಇಂಜಿನ್. 2.4 ಲೀಟರಿನ, ನಾಲ್ಕು ಸಿಲಿಂಡರಿನ ಈ ಗಟ್ಟಿ ಇಂಜಿನ್ 1995ರವರೆಗೂ ಅಲ್ಲಿನ ಟೊಯೊಟಾ ಪಿಕಪ್‌ಗಳಲ್ಲಿ ಬರುತ್ತಿತ್ತು.

ಅದರ ಮೀಟರಿನೊಳಗೆ ಸ್ಪ್ರಿಂಗ್ ಹಾಕಿದ ಒಂದು ಲೋಹದ ಬಾಗಿಲಿದೆ. ಗಾಳಿ ಒಳಗೆ ಹೋಗುವಾಗ ಬಾಗಿಲನ್ನು ತಳ್ಳುತ್ತದೆ. ಬಾಗಿಲು ಎಷ್ಟು ತೆರೆದಿದೆ ಎಂಬುದೇ ವಿದ್ಯುತ್ ಸಿಗ್ನಲ್ ಆಗಿ ಇಸಿಯುಗೆ ಹೋಗುತ್ತದೆ. ಮೇಲಿನ ಕಪ್ಪು ಮುಚ್ಚಳ ತೆಗೆದರೆ ಹಲ್ಲಿನ ಚಕ್ರವೊಂದು ಕಾಣುತ್ತದೆ. ಸ್ಪ್ರಿಂಗ್‌ನ ಬಿಗಿ ಇರುವುದು ಅದರಲ್ಲಿ. ಚಕ್ರವನ್ನು ಕೆಲವು ಹಲ್ಲು ತಿರುಗಿಸಿ ಸ್ಪ್ರಿಂಗ್ ಸಡಿಲ ಮಾಡಿದರೆ ಅಷ್ಟೇ ಗಾಳಿಗೆ ಬಾಗಿಲು ಜಾಸ್ತಿ ತೆರೆಯುತ್ತದೆ. ಗಾಳಿ ಜಾಸ್ತಿ ಬಂತು ಅಂದುಕೊಂಡು ಇಸಿಯು ಜಾಸ್ತಿ ಪೆಟ್ರೋಲ್ ಬಿಡುತ್ತದೆ: ರಿಚ್. ಬಿಗಿ ಮಾಡಿದರೆ ಇದರ ಉಲ್ಟಾ: ಲೀನ್.

ಅಂಗಡಿಯ ತಕ್ಕಡಿ ತಿರುಚಿದರೆ ಮೂಟೆಯಲ್ಲಿರುವ ಅಕ್ಕಿ ಹೆಚ್ಚುವುದಿಲ್ಲ, ಅಲ್ವಾ? ಇಲ್ಲಿಯೂ ಹಾಗೆಯೇ. ಇಂಜಿನ್ನಿಗೆ ಒಂದು ಗ್ರಾಂ ಗಾಳಿಯೂ ಹೆಚ್ಚಿಗೆ ಸಿಗುವುದಿಲ್ಲ. ಬದಲಾಗುವುದು ಇಸಿಯುಗೆ ಹೋಗುವ ಲೆಕ್ಕ ಮಾತ್ರ.

ಹೊಸ ಗಾಡಿಗಳಲ್ಲಿ ಬಾಗಿಲಿಲ್ಲ. ಹಲವದರಲ್ಲಿ ಅದರ ಬದಲು ಬಿಸಿ ತಂತಿಯ ಮಾಸ್ ಏರ್‌ಫ್ಲೋ ಸೆನ್ಸರ್ ಇದೆ. ಹಾದುಹೋಗುವ ಗಾಳಿ ತಂತಿಯನ್ನು ತಣ್ಣಗಾಗಿಸುತ್ತದೆ. ಅದನ್ನು ಬಿಸಿಯಾಗಿಯೇ ಇಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದೇ ಗಾಳಿಯ ಅಳತೆ. ಇದೇ ಸೆನ್ಸರನ್ನು ದೊಡ್ಡ ಪೈಪಿಗೆ ಹಾಕಿದರೂ ಲೆಕ್ಕ ತಪ್ಪುತ್ತದೆ. 70 ಮಿಲಿಮೀಟರ್ ವ್ಯಾಸದ ಪೈಪನ್ನು 77ಕ್ಕೆ ಏರಿಸಿದರೆ ಒಳಗಿನ ಜಾಗ ಶೇ. 21ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹಾದುಹೋಗುತ್ತದೆ. ಸೆನ್ಸರಿಗೆ ಗಾಳಿ ಸುಮಾರು ಶೇ. 17ರಷ್ಟು ಕಡಿಮೆ ಕಾಣುತ್ತದೆ. ಮಿಕ್ಸ್ಚರ್ ಲೀನ್ ಆಗುತ್ತದೆ.

‘ನಾನು ತಿರುಗಿಸಿದೆ, ಏನೂ ಆಗಲಿಲ್ಲ’ ಎನ್ನುವವರು ಬಹಳ ಜನ. ಅದಕ್ಕೆ ಕಾರಣವಿದೆ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಇಂಜಿನ್ ಬಿಸಿಯಾಗಿ ಗಾಡಿ ಒಂದೇ ಹದದಲ್ಲಿ ಓಡುವಾಗ ಇಸಿಯು ಅದರ ಮಾತು ಕೇಳುತ್ತದೆ. ಒಂದು ಮಿತಿಯೊಳಗೆ ಮಿಕ್ಸ್ಚರನ್ನು ಮತ್ತೆ 14.7ಕ್ಕೆ ತರುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಇಂಜಿನ್ ತಣ್ಣಗಿದ್ದಾಗ ಈ ತಿದ್ದುಪಡಿ ಇರುವುದಿಲ್ಲ. ಆಗ ಮೀಟರ್ ಹೇಳಿದ್ದೇ ಲೆಕ್ಕ. ಭಾರ ಹೇರಿಕೊಂಡು ದಿಬ್ಬ ಹತ್ತುವಾಗ, ಅಂದರೆ ಇಂಜಿನ್ ಮೇಲೆ ಅತಿ ಹೆಚ್ಚು ಒತ್ತಡ ಇರುವಾಗಲೇ, ತಿರುಚಿದ ಲೆಕ್ಕ ನಿಜವಾಗಿ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯವನ್ನು ಜನ ಮರೆತೇಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಇಸಿಯು ಸ್ಪಾರ್ಕ್ ಯಾವಾಗ ಕೊಡಬೇಕು ಎಂಬುದನ್ನೂ ಇದೇ ಗಾಳಿಯ ಲೆಕ್ಕದಿಂದ ನಿರ್ಧರಿಸುತ್ತದೆ. ಗಾಳಿ ಕಡಿಮೆ ಎಂದು ತೋರಿಸಿದರೆ ಇಂಜಿನ್ ಮೇಲೆ ಭಾರ ಕಡಿಮೆ ಅಂದುಕೊಂಡು ಸ್ಪಾರ್ಕನ್ನು ಬೇಗ ಕೊಡುತ್ತದೆ. ಪೆಟ್ರೋಲ್ ಕಡಿಮೆ, ಸ್ಪಾರ್ಕ್ ಬೇಗ, ಭಾರ ಮಾತ್ರ ನಿಜಕ್ಕೂ ಜಾಸ್ತಿ. ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಮಿಕ್ಸ್ಚರ್ ತಾನಾಗಿಯೇ ಸಿಡಿದು ಟಕಟಕ ಬಡಿಯುವುದು, ಶುರುವಾಗಲು ಇಷ್ಟು ಸಾಕು. ಹಾಗೇ ಓಡಿಸುತ್ತಿದ್ದರೆ ಪಿಸ್ಟನ್ನಿಗೂ ವಾಲ್ವ್‌ಗೂ ಅಪಾಯ. ಮೈಲೇಜ್ ಆಸೆಗೆ ಸ್ಪ್ರಿಂಗ್ ಬಿಗಿ ಮಾಡುವವರು ಇದನ್ನು ಯೋಚಿಸಲೇಬೇಕು.

ರಿಚ್ ಆದರೆ ಅಷ್ಟು ಬೇಗ ಅಪಾಯವಿಲ್ಲ. ಪೂರ್ತಿ ಶಕ್ತಿ ಬೇಕಾದಾಗ 12.5ರಿಂದ 13ರ ಆಸುಪಾಸಿನ ಮಿಕ್ಸ್ಚರ್ ಬೇಕೇ ಬೇಕು. ಅದನ್ನೂ ಮೀರಿದರೆ ಕಪ್ಪು ಹೊಗೆ, ಪ್ಲಗ್ ಮೇಲೆ ಮಸಿ, ಇಂಜಿನ್ ಆಯಿಲ್‌ಗೆ ಸೇರುವ ಪೆಟ್ರೋಲ್, ಕೊನೆಗೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿಗೂ ಪೆಟ್ಟು.

ಹಾಗಾದರೆ ಮೀಟರ್ ಮುಟ್ಟಲೇಬಾರದೇ? ದೊಡ್ಡ ಇಂಜೆಕ್ಟರ್ ಹಾಕಿದಾಗ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿದಾಗ ಹೊಸ ಲೆಕ್ಕ ಬೇಕಾಗಬಹುದು. ಆಗ ಮಿಕ್ಸ್ಚರನ್ನು ಅಂಕಿಯಲ್ಲೇ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಿಕ್ಸ್ಚರ್ ಎಷ್ಟಿದೆ ಎಂದು ನೋಡಿಯೇ ತಿರುಗಿಸಬೇಕು. ಹೊಸ ಗಾಡಿಯಾದರೆ ಇಸಿಯುವಿನೊಳಗಿನ ಲೆಕ್ಕದ ಟೇಬಲ್ಲುಗಳನ್ನೇ (ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂಬ ಪಟ್ಟಿಗಳನ್ನು) ತಿದ್ದಿಸುವುದು ಸರಿಯಾದ ದಾರಿ. ಹಳೆಯ ಪಿಕಪ್ ಲೀನ್ ಓಡುತ್ತಿದೆ ಅನಿಸಿದರೆ ಸುಮ್ನೆ ಸ್ಪ್ರಿಂಗ್‌ಗೆ ಕೈ ಹಾಕಬೇಡಿ. ಮೀಟರಿನಿಂದ ಥ್ರಾಟಲ್‌ವರೆಗಿನ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕವಾಟದವರೆಗಿನ) ರಬ್ಬರ್ ಹೋಸನ್ನು ಬಗ್ಗಿಸಿ ನೋಡಿ. ಅದು ಸೀಳಿದ್ದರೆ ಮೀಟರ್ ಅಳೆಯದ ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತಿರುತ್ತದೆ. ಹೋಸ್ ಬದಲಿಸಿದರೆ ಸಾಕು.