ವಜ್ರದ ಕಳ್ಳ ಕೊಂಡ ಹೂದೋಟ

1631ರ ಜುಲೈ. ರೋಮಿನ ನ್ಯಾಯಾಲಯದಲ್ಲಿ ನಿಕೊಲಾ ಪುಸ್ಸಾನ್ ಎಂಬ ಚಿತ್ರಕಾರ ಸಾಕ್ಷಿ ಹೇಳಿದ. ಫ್ರಾನ್ಸಿನ ನಾರ್ಮಂಡಿಯವನು, 1624ರಲ್ಲಿ ರೋಮಿಗೆ ಬಂದು ನೆಲೆಸಿದವನು. ಆರೋಪಿ ಫ್ಯಾಬ್ರಿಜಿಯೊ ವಾಲ್ಗ್ವಾರ್ನೆರಾ, ಸಿಸಿಲಿಯ ದೊಡ್ಡ ಮನೆತನದ ಕುಳ. ಕದ್ದ ವಜ್ರಗಳನ್ನು ಗುಟ್ಟಾಗಿ ಸಾಗಹಾಕಲು ಅವನು ಹಿಡಿದ ದಾರಿ ಚಿತ್ರಗಳನ್ನು ಕೊಳ್ಳುವುದು. ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ಯುರೋಪಿಗೆ ಹೋಗುತ್ತಿದ್ದ ವಜ್ರ ಬಹುಪಾಲು ಭಾರತದ್ದೇ. ಹಾಗಾಗಿ ಆ ಕಲ್ಲುಗಳೂ ಇಲ್ಲಿಂದಲೇ ಹಡಗು ಹತ್ತಿರಬೇಕು.

ಅವನು ಹೇಳಿ ಬರೆಸಿದ ಒಂದು ಚಿತ್ರಕ್ಕೆ ಪುಸ್ಸಾನ್‌ಗೆ ಸಿಕ್ಕಿದ್ದು 100 ಸ್ಕೂಡಿ, ಅಂದರೆ ಆಗಿನ ರೋಮಿನ ನಾಣ್ಯ. ಹೂಗಳ ರೋಮನ್ ದೇವತೆ ಫ್ಲೋರಾಳ ತೋಟದ ಚಿತ್ರ ಅದು. ವಾಲ್ಗ್ವಾರ್ನೆರಾ ಮುಂದಿನ ವರ್ಷ ಜೈಲಿನಲ್ಲೇ ಸತ್ತ. ಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. 131 ಸೆಂ.ಮೀ. ಎತ್ತರ, 181 ಸೆಂ.ಮೀ. ಅಗಲ.

ಮೊದಲ ನೋಟಕ್ಕೆ ಅದೊಂದು ಹಬ್ಬ. ನಡುವೆ ಫ್ಲೋರಾ ಹೂ ಚೆಲ್ಲುತ್ತಾ ಕುಣಿಯುತ್ತಿದ್ದಾಳೆ. ಸುತ್ತ ಇರುವವರನ್ನು ಒಬ್ಬೊಬ್ಬರಾಗಿ ನೋಡಿದಾಗ ವಿಷಯ ಬೇರೆಯೇ. ಅಜಾಕ್ಸ್ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಿದ್ದಾನೆ. ನಾರ್ಸಿಸಸ್ ನೀರಿನಲ್ಲಿ ತನ್ನ ಮುಖ ನೋಡಿ ಮೈಮರೆತಿದ್ದಾನೆ. ಅಡೋನಿಸ್ ಹಂದಿ ತಿವಿದ ತೊಡೆಯನ್ನು ನೋಡಿಕೊಳ್ಳುತ್ತಿದ್ದಾನೆ. ಕ್ಲೈಟಿ ತಲೆಯೆತ್ತಿ ಸೂರ್ಯದೇವನ ರಥವನ್ನೇ ದಿಟ್ಟಿಸುತ್ತಿದ್ದಾಳೆ. ಪುರಾಣದಲ್ಲಿ ಇವರೆಲ್ಲ ನೊಂದು, ಸತ್ತು, ಹೂವಾದವರು. ಚಿತ್ರದಲ್ಲಿ ಮಾತ್ರ ಚೀರಾಟವಿಲ್ಲ, ರಕ್ತ ಹರಿಯುವುದಿಲ್ಲ. ಆ ಕಾಲದ ಯುರೋಪಿನ ಕಲಾಶೈಲಿ ಬರೋಕ್ ಅಂದರೆ ಅಬ್ಬರ ಅಂದುಕೊಂಡವರಿಗೆ ಇದು ಅಚ್ಚರಿ. ಅದೇ ಕಾಲದಲ್ಲಿ ಅಳತೆ, ಗೆರೆ, ಹಿಡಿತ ಮುಖ್ಯ ಎಂದ ಪಂಥವೂ ಇತ್ತು, ಪುಸ್ಸಾನ್ ಅದರ ದೊಡ್ಡ ಹೆಸರು. ಮೇಣದ ಪುಟ್ಟ ಬೊಂಬೆಗಳನ್ನು ಪೆಟ್ಟಿಗೆಯೊಳಗೆ ಜೋಡಿಸಿ, ಬೆಳಕು ಎಲ್ಲಿಂದ ಬೀಳಬೇಕು ಅಂತ ನೋಡಿಕೊಂಡೇ ಅವನು ಚಿತ್ರಕ್ಕೆ ಕೈ ಹಾಕುತ್ತಿದ್ದ. ಆ ಶಾಂತಿ ನನಗಂತೂ ಸ್ವಲ್ಪ ಕ್ರೂರ ಅನ್ನಿಸುತ್ತದೆ.

ಇಷ್ಟು ಲೆಕ್ಕ ಹಾಕಿ ಕೆಲಸ ಮಾಡಿದವನ ಹಿಡಿತಕ್ಕೂ ಸಿಗದ್ದು ಬಣ್ಣದ ರಸಾಯನ. ತೈಲಚಿತ್ರದ ತೈಲ ಹೆಚ್ಚಾಗಿ ಅಗಸೆ ಎಣ್ಣೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ ಅಗಸೆ. ಇದು ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಅದಕ್ಕೇ ಎಣ್ಣೆ ಗಟ್ಟಿಯಾಗುವಾಗ ಮೊದಮೊದಲು ಅದರ ತೂಕ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತದೆ!

ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ ಕೆಲಸ ನಿಲ್ಲುವುದಿಲ್ಲ. ಆಗ ಬಿಳಿ ಬಣ್ಣ ಎಂದರೆ ಸೀಸದ ಬಿಳಿ. ಅದರ ಕಣಗಳ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 2, ಹೊಸ ಎಣ್ಣೆಯದು ಸುಮಾರು 1.48. ಎರಡರ ನಡುವಿನ ಅಂತರ ದೊಡ್ಡದಿದ್ದರೆ ಬೆಳಕು ಚದುರಿ ಬಿಳಿ ಗಟ್ಟಿಯಾಗಿ ಕಾಣುತ್ತದೆ. ವರ್ಷಗಳು ಕಳೆದಂತೆ ಎಣ್ಣೆಯ ಸೂಚ್ಯಂಕ ಏರುತ್ತದೆ, ಅಂತರ ಕಿರಿದಾಗುತ್ತದೆ. ಜೊತೆಗೆ ಎಣ್ಣೆಯ ಕೊಬ್ಬಿನ ಆಮ್ಲಗಳು ಸೀಸದೊಂದಿಗೆ ಸೇರಿ ಸೀಸದ ಸಾಬೂನಾಗುತ್ತವೆ. ಅಲ್ಲಿಗೆ ಬಣ್ಣದ ಪದರ ಪಾರದರ್ಶಕವಾಗತೊಡಗುತ್ತದೆ. ಬೋಂಡಾ ಕಟ್ಟಿದ ಕಾಗದಕ್ಕೆ ಎಣ್ಣೆ ಇಳಿದಾಗ ಹಿಂದಿನದು ಕಾಣುತ್ತದಲ್ವಾ, ಹಾಗೆ. ಪುಸ್ಸಾನ್ ತನ್ನ ಎಷ್ಟೋ ಕ್ಯಾನ್ವಾಸುಗಳಿಗೆ ಮೊದಲು ಕೆಂಪು-ಕಂದು ಬಣ್ಣದ ತಳ ಹಚ್ಚುತ್ತಿದ್ದ. ಈಗ ಅದು ತೆಳುವಾದ ಕಡೆಗಳಲ್ಲಿ ಮೇಲೆ ಇಣುಕುತ್ತಿದೆ. ಅವನ ನೆರಳುಗಳು ಇಷ್ಟು ಕಪ್ಪಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ನೀಲಿಯ ಕತೆ ಇನ್ನೊಂದು. ಆ ಕಾಲದ ದುಬಾರಿ ನೀಲಿ ಅಲ್ಟ್ರಾಮರೀನ್, ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳ ಲಾಪಿಸ್ ಲಾಜುಲಿ ಕಲ್ಲಿನಿಂದ ತೆಗೆದದ್ದು. ಅದರಲ್ಲಿ ತಾಮ್ರವೂ ಇಲ್ಲ, ಕೋಬಾಲ್ಟೂ ಇಲ್ಲ. ಬಣ್ಣ ಕೊಡುವುದು ಗಂಧಕ! ಮೂರು ಗಂಧಕದ ಪರಮಾಣುಗಳ ಪುಟ್ಟ ಗುಂಪು, ಒಂದು ಹೆಚ್ಚುವರಿ ಎಲೆಕ್ಟ್ರಾನಿನ ಸಮೇತ, ಅಲ್ಯೂಮಿನಿಯಂ-ಸಿಲಿಕಾನ್‌ನ ಪಂಜರದೊಳಗೆ ಸಿಕ್ಕಿಕೊಂಡಿರುತ್ತದೆ. ಅದು ಕಿತ್ತಳೆ-ಕೆಂಪು ಬೆಳಕನ್ನು ನುಂಗುತ್ತದೆ, ನಮಗೆ ನೀಲಿ ಉಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಈ ನೀಲಿ ಕೆಲವೊಮ್ಮೆ ಬೂದಿ ಬೂದಿಯಾಗುತ್ತದೆ. ಪರಿಣತರು ಅದನ್ನು ಅಲ್ಟ್ರಾಮರೀನ್ ರೋಗ ಅಂತಲೇ ಕರೆಯುತ್ತಾರೆ.

ಹಳದಿ ಮಾತ್ರ ಗಟ್ಟಿಗ. ಸೀಸ-ತವರದ ಹಳದಿ ಅಷ್ಟಾಗಿ ಮಾಸುವುದಿಲ್ಲ. ಅದು ಮಾಸಲಿಲ್ಲ, ಜನರೇ ಅದನ್ನು ಮರೆತರು. 18ನೇ ಶತಮಾನದ ನಂತರ ಅದನ್ನು ತಯಾರಿಸುವವರೇ ಇಲ್ಲವಾದರು, ಹಳೆಯ ಚಿತ್ರಗಳ ಹಳದಿಗೆಲ್ಲ ಬೇರೆ ಹೆಸರು ಹಚ್ಚುತ್ತಾ ಬಂದರು. 1941ರಲ್ಲಿ ಮ್ಯೂನಿಕ್‌ನ ಡೋರ್ನರ್ ಸಂಸ್ಥೆಯ ರಿಚರ್ಡ್ ಯಾಕೋಬಿ ವಿಶ್ಲೇಷಣೆ ಮಾಡಿದಾಗ ತವರ ಸಿಕ್ಕಿತು, ಮರೆತ ಬಣ್ಣ ಮತ್ತೆ ಪತ್ತೆಯಾಯಿತು.

ಮೇಲೆ ಹಚ್ಚಿದ ವಾರ್ನಿಷ್ ಹಳದಿಯಾಗಿದ್ದರೆ ಸಂರಕ್ಷಕರು ಅದನ್ನು ತೆಗೆದು ಹೊಸದು ಹಚ್ಚಬಹುದು. ಆದರೆ ಸಾಬೂನಾದ ಸೀಸವನ್ನು ಮತ್ತೆ ಬಿಳಿ ಬಣ್ಣ ಮಾಡುವ ದಾರಿ ಯಾರ ಹತ್ತಿರವೂ ಇಲ್ಲ. ಬಿಸಿ, ತೇವ ಹೆಚ್ಚಿದಷ್ಟೂ ಆ ಕ್ರಿಯೆ ಚುರುಕಾಗುತ್ತದೆ. ಮ್ಯೂಸಿಯಂಗಳು ಒಳಗಿನ ಹವೆಯನ್ನು ಅಷ್ಟು ಜತನದಿಂದ ಕಾಯುವುದು ಸುಮ್ನೆ ಅಲ್ಲ.